ಬರೆದುಕೊಟ್ಟವರ ಪಾಲು

ಚಿಕ್ಕಪ್ಪ ಸಾಗರದ ಪೇಟೆಯಲ್ಲಿ ನಾಲ್ಕಾರು ಅಂಗಡಿ, ಎರಡು ಮಿಲ್ಲುಗಳ ಲೆಕ್ಕ ಬರೆಯುವವರು. ಪಿಎಫ್, ಇಎಸ್‌ಐ ಚಲನ್ ಕಟ್ಟಿ ಕಟ್ಟಿ ಆ ನಿಯಮಗಳೆಲ್ಲ ಬಾಯಿಗೆ ಬಂದಿವೆ. ಕೇಳಲು ಬಂದವಳು ಹೊಸನಗರದ ಕಡೆಯ ಅಣ್ಣನ ಮಗಳು, ಆರು ವರ್ಷ ಬೆಂಗಳೂರಿನ ಗಾರ್ಮೆಂಟ್‌ನಲ್ಲಿ ಟೈಲರ್ ಆಗಿದ್ದವಳು. ಇಬ್ಬರ ಮಾತನ್ನು ಆಡಿದ ಹಾಗೇ ಇಟ್ಟಿದ್ದೇನೆ. ನಡುವೆ ಬಂದ ಗಿರಾಕಿ, ಫೋನು, ಕಾಫಿಯನ್ನು ಬಿಟ್ಟಿದ್ದೇನೆ.

— ಚಿಕ್ಕಪ್ಪ, ಕೆಲಸ ಹೋದವರಿಗೆ ಇಎಸ್‌ಐನಿಂದ ದುಡ್ಡು ಬರುತ್ತಂತೆ, ಹೌದಾ?

— ಹೋದವರಿಗೆ ಬರುತ್ತೆ. ಬಿಟ್ಟವರಿಗೆ ಬರಲ್ಲ. ನಿಂದು ಯಾವುದು?

— ಅದೇ ನಂಗೂ ಗೊತ್ತಾಗ್ತಿಲ್ಲ.

— ಗೊತ್ತಾಗದೆ ಇರೋದು ಎಂತ ಮಾರಾಯ್ತಿ? ಅವರು ಬೇಡ ಅಂದ್ರಾ, ನೀನು ಬೇಡ ಅಂದ್ಯಾ?

— ಯೂನಿಟ್ ಮುಚ್ತೀವಿ, ಹೊಸೂರಿಗೆ ಬನ್ನಿ, ಅಲ್ಲಿ ಹೊಸ ಲೈನ್ ಹಾಕಿದೀವಿ ಅಂದ್ರು. ಬರೋಕಾಗದವರು ಎಚ್‌ಆರ್ ಹತ್ರ ಹೋಗಿ ಸೈನ್ ಮಾಡಿ ಅಂದ್ರು. ನಮ್ಮ ಲೈನಲ್ಲಿ ನಲವತ್ತು ಜನ ಹೋಗಿ ಮಾಡಿದ್ವಿ. ಒಂದು ವಾರದಲ್ಲಿ ಸೆಟಲ್‌ಮೆಂಟ್ ದುಡ್ಡು ಅಕೌಂಟಿಗೆ ಬಂತು.

— ಎಂಥದಕ್ಕೆ ಸೈನ್ ಮಾಡಿದ್ದು?

— ಮೊದಲೇ ಟೈಪ್ ಮಾಡಿಟ್ಟಿದ್ರು. ಕನ್ನಡದಲ್ಲೇ ಇತ್ತು. ಹೆಸರು, ಟೋಕನ್ ನಂಬರು, ತಾರೀಖು ಇಷ್ಟಕ್ಕೆ ಮಾತ್ರ ಚುಕ್ಕಿ ಗೆರೆ. ನನ್ನ ವೈಯಕ್ತಿಕ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ರಾಜೀನಾಮೆ ಕೊಡ್ತಾ ಇದ್ದೇನೆ ಅಂತ. ಅದರ ಹಿಂದೆ ಸೆಟಲ್‌ಮೆಂಟ್ ವೋಚರು, ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡ ಸೈನು. ಮೂರನೇ ಹಾಳೆ ಖಾಲಿ ಇತ್ತು, ಅದಕ್ಕೂ ಮಾಡಿಸ್ಕೊಂಡ್ರು.

— ತಾನಾಗಿ ಬಿಡೋರು ಯಾರಾದರೂ "ಯಾರ ಒತ್ತಾಯವೂ ಇಲ್ಲದೆ" ಅಂತ ಬರೀತಾರಾ? ಆ ಸಾಲು ಬರೆಸಿಕೊಂಡವನ ಕೈದು. ಆದರೆ ಕಚೇರಿಯಲ್ಲಿ ಕೂತವನಿಗೆ ಕಾಣೋದು ಅದರ ಕೆಳಗಿನ ನಿನ್ನ ಸೈನು.

— ಅಂದ್ರೆ ಬರಲ್ಲ.

— ಮೊದಲು ಏನು ಬರಬೇಕಿತ್ತು ಅಂತ ಕೇಳು. 2018ರ ಜುಲೈಯಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನಾ ಅಂತ ಒಂದಿದೆ. ಎರಡು ವರ್ಷಕ್ಕೆ ಅಂತ ಶುರು ಮಾಡಿದ್ರು, ಆಮೇಲೆ ವಿಸ್ತರಿಸ್ತಾ ಬಂದ್ರು. ಇಎಸ್‌ಐ ಕಟ್ಟಿದ ಕೆಲಸ ಎರಡು ವರ್ಷ ಆಗಿರಬೇಕು. ಕೆಲಸ ಹೋಗೋದಕ್ಕೆ ಮುಂಚಿನ ಆರು ತಿಂಗಳ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಕಟ್ಟಿರಬೇಕು. ಇಷ್ಟಿದ್ರೆ ದಿನದ ಸರಾಸರಿ ಸಂಬಳದ ಅರ್ಧ, ಹೆಚ್ಚೆಂದರೆ 90 ದಿನ. ಅದೂ ಜನ್ಮಕ್ಕೆ ಒಂದೇ ಸಲ. ಮೊದಲು ಕಾಲು ಭಾಗ ಇತ್ತು, ಕೋವಿಡ್ ಬಂದ ಮೇಲೆ 2020ರಲ್ಲಿ ಅರ್ಧ ಮಾಡಿದ್ರು, ಕಾಯೋ ದಿನವನ್ನೂ 90ರಿಂದ 30ಕ್ಕೆ ಇಳಿಸಿದ್ರು. ನಿನ್ನ ಗ್ರಾಸ್ ಎಷ್ಟು?

— 15,600.

— 23 ಸಾವಿರ ಚಿಲ್ಲರೆ ಬರ್ತಿತ್ತು. ಆದರೆ ಯಾರಿಗೆ ಇಲ್ಲ ಅನ್ನೋ ಪಟ್ಟಿ ಇದೆಯಲ್ಲ, ಅದರಲ್ಲಿ ಕಾನೂನುಬಾಹಿರ ಮುಷ್ಕರ ಮಾಡಿದವನಿದ್ದಾನೆ, ದುರ್ನಡತೆಗೆ ವಜಾ ಆದವನಿದ್ದಾನೆ, ಸುಳ್ಳು ಹೇಳಿ ಶಿಕ್ಷೆ ಆದವನಿದ್ದಾನೆ. ಅವರ ಜೊತೆ ತಾನಾಗಿ ಬಿಟ್ಟವರು, ಸ್ವಯಂ ನಿವೃತ್ತಿ ತಗೊಂಡವರು.

— ಒಳ್ಳೇ ಸಾಲಲ್ಲಿ ನಿಲ್ಲಿಸಿದ್ದಾರೆ ನಮ್ಮನ್ನ!

— ಅದಕ್ಕಿಂತ ಹಳೇದು ಇನ್ನೊಂದಿದೆ. 2005ರ ಏಪ್ರಿಲ್‌ದು, ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನಾ. ಕಾರ್ಖಾನೆ ಮುಚ್ಚಿದರೆ, ಆಳು ಕಡಿತ ಮಾಡಿದರೆ, ಇಲ್ಲಾ ದುಡಿಯೋಕಾಗದ ಹಾಗೆ ಶಾಶ್ವತ ಅಂಗವೈಕಲ್ಯ ಬಂದರೆ. ಮೊದಲ ವರ್ಷ ಅರ್ಧ ಸಂಬಳ, ಎರಡನೇ ವರ್ಷ ಕಾಲು ಸಂಬಳ. ನೀನೇ ಕೂಡಿಸಿ ನೋಡು.

— ತಿಂಗಳಿಗೆ 7,800, ಹನ್ನೆರಡು ತಿಂಗಳು... ಆಮೇಲೆ 3,900... ಚಿಕ್ಕಪ್ಪ, ಒಂದು ಲಕ್ಷ ನಲವತ್ತು ಸಾವಿರ!

— ಸುಮಾರು ಅಷ್ಟು. ಅದರ ಮೇಲೆ ಯೂನಿಟ್ ಮುಚ್ಚಿದ್ದಕ್ಕೆ ಕಂಪನಿ ಕೊಡಬೇಕಾದ ಪರಿಹಾರ ಬೇರೆ. ವರ್ಷಕ್ಕೆ 15 ದಿನದ ಸಂಬಳ, ಒಂದು ತಿಂಗಳ ನೋಟಿಸು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇತ್ತು, 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಬಂದ ಸಂಹಿತೆಯಲ್ಲೂ ಇದೆ. ಆರು ವರ್ಷಕ್ಕೆ ಐವತ್ತು ಸಾವಿರದ ಆಸುಪಾಸು. ಆ ಚುಕ್ಕಿ ಗೆರೆಯ ಮೇಲೆ ನೀನು ಬರೆದ ಹೆಸರಿನ ಬೆಲೆ ಇದು.

— ಸೆಟಲ್‌ಮೆಂಟಲ್ಲಿ ಗ್ರಾಚ್ಯುಟಿ ಬಂದಿದೆ. 45 ಸಾವಿರ.

— ಬೇಸಿಕ್, ಡಿಎ ಸೇರಿ 13 ಸಾವಿರ ತಾನೇ? 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500, ಆರು ವರ್ಷಕ್ಕೆ 45. ಸರಿಯಾಗೇ ಕೊಟ್ಟಿದ್ದಾರೆ. ಗ್ರಾಚ್ಯುಟಿಗೆ ನೀನು ಬಿಟ್ಟೆಯೋ ಅವರು ಬಿಡಿಸಿದರೋ ಅನ್ನೋ ಪ್ರಶ್ನೆ ಇಲ್ಲ. 1972ರ ಕಾಯ್ದೆಯಲ್ಲೇ ರಾಜೀನಾಮೆ ಕೊಟ್ಟವರಿಗೂ ಉಂಟು ಅಂತ ಇತ್ತು, ಐದು ವರ್ಷ ತುಂಬಿರಬೇಕು ಅಷ್ಟೆ. ದುಡಿದದ್ದಕ್ಕೆ ಕೊಡೋದು ಅದು. ಬಿಟ್ಟದ್ದು ಯಾಕೆ ಅಂತ ಕೇಳಿ ಏನಾಗಬೇಕು?

— ಹಂಗಾರೆ ಇಎಸ್‌ಐಯವರಿಗೆ ಯಾಕೆ ಬೇಕು? ತಿಂಗಳಾ ನನ್ನ ಸಂಬಳದಲ್ಲಿ 117 ರೂಪಾಯಿ ಹಿಡೀತಿದ್ರು. ಆರು ವರ್ಷದಲ್ಲಿ ಒಂದು ಮಾತ್ರೆ ತಗೊಂಡಿಲ್ಲ ನಾನು.

— 117 ನಿಂದು, 507 ಅವರದ್ದು. ಮುಕ್ಕಾಲು ಪರ್ಸೆಂಟು, ಮೂರೂಕಾಲು ಪರ್ಸೆಂಟು. ಆದರೆ ಅದು ನಿನ್ನ ಹೆಸರಿನ ಡಬ್ಬಿಗೆ ಹಾಕಿದ ದುಡ್ಡಲ್ಲ, ವಿಮೆ. ಕೈಮೀರಿ ಆದದ್ದಕ್ಕೆ ಮಾತ್ರ ವಿಮೆ. ಬೇಕು ಅಂದಾಗ ಕೆಲಸ ಬಿಟ್ಟು ಅರ್ಧ ಸಂಬಳ ತಗೋಬಹುದು ಅಂತಾದರೆ ಹಬ್ಬಕ್ಕೆ, ಕೊಯ್ಲಿಗೆ ಊರಿಗೆ ಬರೋರೆಲ್ಲ ಬಿಟ್ಟೇ ಬರ್ತಾರೆ. ಉಳಿದವರ ದುಡ್ಡಲ್ಲಿ. ಅದು ನ್ಯಾಯವಾ?

— ಅಲ್ಲ, ಒಪ್ಪಿದೆ. ಆದರೆ ಕೈಮೀರಿತ್ತೋ ಇಲ್ಲವೋ ಅಂತ ನೋಡೋರು ಯಾರು? ನಮ್ಮ ಅಡಿಕೆ ತೋಟಕ್ಕೆ ಅಪ್ಪ ಹವಾಮಾನದ ವಿಮೆ ಕಟ್ತಾನೆ. ಕೊಳೆ ಬಂತಾ, ಎಷ್ಟು ಸಲ ಬೋರ್ಡೋ ಹೊಡೆದೆ ಅಂತ ಅಪ್ಪನನ್ನ ಯಾರೂ ಕೇಳಲ್ಲ. ಪಂಚಾಯ್ತಿಯ ಮಳೆಮಾಪಕ ಎಷ್ಟು ತೋರಿಸ್ತು ಅನ್ನೋದರ ಮೇಲೆ ದುಡ್ಡು ಹಾಕ್ತಾರೆ. ಅಪ್ಪ ಒಂದು ಕಾಗದ ಬರೆದುಕೊಟ್ಟ ಮಾತ್ರಕ್ಕೆ ಬಂದ ಮಳೆ ಬರಲಿಲ್ಲ ಅಂತ ಆಗಲ್ಲವಲ್ಲ?

— ಭೇಷ್! ಮಳೆಮಾಪಕ ಸುಮ್ಮನೆ ಹೇಳ್ತೀಯ, ಅದರ ಜಗಳ ಪಂಚಾಯ್ತಿಗೊಂದು ಇದೆ. ಆದರೂ ಮಾತು ಸರಿ. ಕೆಲಸ ಯಾಕೆ ಹೋಯ್ತು ಅಂತ ಅಳೆಯೋ ಮಾಪಕ ಇಲ್ಲ. ಇರೋದು ಕಂಪನಿಯವನು ಪೋರ್ಟಲ್‌ನಲ್ಲಿ ಒತ್ತೋ ಒಂದು ಬಟನ್ನು. ನಾನೇ ಎಷ್ಟು ಸಲ ಒತ್ತಿದೀನಿ. ಒಬ್ಬರ ದಿನಗಳು ಸೊನ್ನೆ ಅಂತ ತುಂಬಿದರೆ ಕಾರಣ ಕೇಳುತ್ತೆ. ರಜೆ, ಕೆಲಸ ಬಿಟ್ಟರು, ನಿವೃತ್ತಿ, ಮುಷ್ಕರ, ಕಡಿತ ಅಂತ ಸಾಲಾಗಿ ಬರುತ್ತೆ. ಮಿಲ್ಲಿನ ಹುಡುಗರು ಎರಡು ತಿಂಗಳು ಬರದೆ ಹೋದರೆ "ಕೆಲಸ ಬಿಟ್ಟರು" ಒತ್ತೋದು ರೂಢಿ. ಯಾಕೆ ಬಿಟ್ಟ ಅಂತ ನಾನು ಕೇಳಿಲ್ಲ, ನನ್ನ ಸಾಹುಕಾರ್ರೂ ಕೇಳಿಲ್ಲ.

— ನಮ್ಮದಕ್ಕೂ ಅದನ್ನೇ ಒತ್ತಿರ್ತಾರೆ.

— ಕಡಿತ ಅಂತ ಒತ್ತಿದರೆ ಪರಿಹಾರ ಕೊಡಬೇಕಾಗುತ್ತಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ ಎಂಪಿಎಂ ನೆನಪಿದೆಯಾ? 2015ರಲ್ಲಿ ಕಾಗದ ಮಾಡೋದು ನಿಂತು ಹೋಯ್ತು. ಆಮೇಲೆ ನೌಕರರಿಗೆ ಸ್ವಯಂ ನಿವೃತ್ತಿ ಬಂತು. ಅಲ್ಲಿ ಒಂದು ಮೊತ್ತ ಅಂತ ಕೊಟ್ಟರು, ಅದು ಬೇರೆ. ಆದರೆ ನಿಂತ ಮಿಲ್ಲಿಂದ ಹೊರಗೆ ಬರೋದನ್ನ ಸ್ವಯಂ ಅಂತ ಕರೆದದ್ದು ನಂಗೆ ಇವತ್ತಿಗೂ ಜೀರ್ಣ ಆಗಿಲ್ಲ.

— ಯುವನಿಧಿ ಏನು ಚಿಕ್ಕಪ್ಪ? ತೀರ್ಥಹಳ್ಳಿ ಅತ್ತೆ ಮಗ ತಗೋತಿದ್ದ.

— ಅದು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ, ನಿಂಗಲ್ಲ. 2024ರ ಜನವರಿ 12ಕ್ಕೆ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲೇ ಮೊದಲ ಕಂತು ಹಾಕಿದ್ರು. ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾಕ್ಕೆ 1,500, ಹೆಚ್ಚೆಂದರೆ ಎರಡು ವರ್ಷ. 2022-23ರಲ್ಲಿ ಪಾಸಾಗಿ ಆರು ತಿಂಗಳು ಕಳೆದರೂ ಕೆಲಸ ಸಿಗದವರಿಂದ ಶುರು ಆದದ್ದು. ಕೆಲಸ ಸಿಕ್ಕಿದ ಕೂಡಲೇ ಬಂದ್. ಅವನು ಬೆಂಗಳೂರಿಗೆ ಹೋಗಲಿಲ್ಲ, ಅಂಗಡಿ ಕಟ್ಟೆ ಮೇಲೆ ಕೂತ, ಬಂತು. ನೀನು ಪಿಯುಸಿ ಮುಗಿಸಿ ಮಿಷನ್ ಮುಂದೆ ಕೂತೆ.

— ಕೂರದೇ ಇದ್ದವರಿಗೆ ಉಂಟು, ಕೂತು ಎದ್ದವರಿಗೆ ಇಲ್ಲ.

— ಅವನನ್ನ ಬಯ್ಯಬೇಡ. ಅವನಿಗೂ 3,000ದಲ್ಲಿ ಪೆಟ್ರೋಲು, ಪರೀಕ್ಷೆ ಫೀಜು ಅಷ್ಟೇ ಆದದ್ದು. ಬಿಟ್ಟು ಹೋದವರ ಬಗ್ಗೆ ಎಲ್ಲದಕ್ಕಿಂತ ಸ್ಪಷ್ಟವಾಗಿ ಬರೆದದ್ದು ಅಂದ್ರೆ 2005ರ ಉದ್ಯೋಗ ಖಾತ್ರಿ ಕಾಯ್ದೆ. ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಅಂತಿತ್ತು. ಕೊಟ್ಟ ಕೆಲಸ ಬೇಡ ಅಂದರೆ, ಇಲ್ಲಾ ಹೇಳದೆ ಕೇಳದೆ ವಾರಕ್ಕಿಂತ ಜಾಸ್ತಿ ಬರದಿದ್ದರೆ, ಮೂರು ತಿಂಗಳು ಭತ್ಯೆ ಕೇಳೋ ಹಾಗಿರಲಿಲ್ಲ. ಆದರೆ ಕೆಲಸ ಕೇಳಬಹುದಿತ್ತು! ಗುಂಡಿ ತೋಡೋರಿಗೆ ಹಾಕಿದ ದಂಡಕ್ಕೂ ಒಂದು ಅವಧಿ ಇತ್ತು ನೋಡು. ನಿಂಗೆ ಹಾಕಿದ್ದಕ್ಕೆ ಅವಧಿ ಇಲ್ಲ.

— ಬೇರೆ ದೇಶದಲ್ಲಿ ಹೆಂಗೆ?

— ಜರ್ಮನಿಯಲ್ಲಿ ತಾನಾಗಿ ಬಿಟ್ಟರೆ ಸಾಮಾನ್ಯವಾಗಿ 12 ವಾರ ಭತ್ಯೆ ತಡೆಹಿಡೀತಾರೆ, ಆಮೇಲೆ ಕೊಡ್ತಾರೆ. ಬಿಡೋದಕ್ಕೆ ಬಲವಾದ ಕಾರಣ ಇತ್ತು ಅಂತ ತೋರಿಸಿದರೆ ಆ ತಡೆಯೂ ಇಲ್ಲ. ಅಮೆರಿಕದ ರಾಜ್ಯಗಳಲ್ಲೂ ತಾನಾಗಿ ಬಿಟ್ಟವರಿಗೆ ಇಲ್ಲ ಅಂತಲೇ ನಿಯಮ, ಆದರೆ ಸರಿಯಾದ ಕಾರಣ ಇತ್ತಾ ಅಂತ ಕೇಳಿ ತೀರ್ಮಾನ ಮಾಡ್ತಾರೆ. ಕೆನಡಾದವರು 1993ರಿಂದ ಬಿಗಿ ಮಾಡಿದ್ದಾರೆ, ಅಲ್ಲೂ ಕಾರಣ ಹೇಳೋಕೆ ಜಾಗ ಇದೆ. ಅಲ್ಲೆಲ್ಲ ಧಾರಾಳ ಅಂತ ಅಲ್ಲ. ಯಾಕೆ ಬಿಟ್ಟೆ ಅಂತ ಒಬ್ಬ ಮನುಷ್ಯ ಕೇಳ್ತಾನೆ, ಉತ್ತರ ಬರ್ಕೋತಾನೆ. ಇಲ್ಲಿ ಉತ್ತರ ಮೊದಲೇ ಟೈಪ್ ಆಗಿರುತ್ತೆ.

— ನಮ್ಮ ಕಡೆ ಹಾಗೆ ಕೇಳೋ ಪದ್ಧತಿನೇ ಇಲ್ಲ ಬಿಡಿ.

— ಯಾರು ಹೇಳಿದ್ದು? ಇದೇ ಸಾಗರ ತಾಲೂಕಲ್ಲಿ ಇತ್ತು! ಕಾಗೋಡು ಇಲ್ಲಿಂದ ಎಷ್ಟು ದೂರ? 1951ರಲ್ಲಿ ಗೇಣಿದಾರರು ಕೊಳಗದ ಅಳತೆ ವಿಷಯಕ್ಕೆ ಎದ್ದು ನಿಂತರು. ಗಣಪತಿಯಪ್ಪ ಮುಂದಾಳು, ಲೋಹಿಯಾ ಬಂದು ಬಂಧನ ಆದದ್ದು, ಎಲ್ಲ ಕೇಳಿದೀಯ. ಕೇಳದೇ ಇರೋದು ಅದರ ನಂತರದ್ದು. ಕಾನೂನು ಬರುತ್ತೆ ಅಂತ ಸುದ್ದಿ ಆದ ಕೂಡಲೇ ಒಡೆಯರು ಒಬ್ಬೊಬ್ಬರನ್ನೇ ಕರೆದು "ನಾನಾಗಿ ಗದ್ದೆ ಬಿಟ್ಟುಕೊಟ್ಟಿದ್ದೇನೆ" ಅಂತ ಬರೆಸಿಕೊಳ್ಳೋಕೆ ಹೊರಟರು. ನಮ್ಮಜ್ಜನನ್ನೂ ಕರೆದಿದ್ದರಂತೆ. ಮಗಳ ಮದುವೆಗೆ ಮಾಡಿದ ಸಾಲ ಇತ್ತು, ಅದನ್ನ ಮಾಫಿ ಮಾಡ್ತೀನಿ ಅಂದರಂತೆ. ಅಜ್ಜ ಹೆಬ್ಬೆಟ್ಟು ಒತ್ತಿ ಬಂದ.

— ಹೋಯ್ತಾ ಗದ್ದೆ?

— ಹೋಗಲಿಲ್ಲ. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂತಲ್ಲ, ಅದರಲ್ಲಿ ಗೇಣಿದಾರ ಜಮೀನು ಬಿಟ್ಟುಕೊಡೋದಕ್ಕೂ ಲಿಖಿತ ಅನುಮತಿ ಬೇಕಿತ್ತು. ವಿಚಾರಣೆ ಮಾಡಿ, ಇವನು ನಿಜವಾಗಿ ತಾನಾಗೇ ಬಿಡ್ತಿದ್ದಾನೆ ಅಂತ ಮನವರಿಕೆ ಆದರೆ ಮಾತ್ರ ಅನುಮತಿ. ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಅಜ್ಜ ಉಳ್ತಾನೇ ಇದ್ದ. 1974ರ ತಿದ್ದುಪಡಿ ಬಂದಾಗ ಡಿಕ್ಲರೇಶನ್ ಹಾಕಿದ, ಗದ್ದೆ ಅವನ ಹೆಸರಿಗೆ ಆಯ್ತು. ನಿಮ್ಮಪ್ಪ ವಿಮೆ ಕಟ್ತಾನಲ್ಲ, ಆ ತೋಟ ಅದೇ ಗದ್ದೆ.

— ಇದನ್ನ ಅಪ್ಪ ಯಾವತ್ತೂ ಹೇಳೇ ಇಲ್ಲ.

— ಹೆಬ್ಬೆಟ್ಟು ಒತ್ತಿದ್ದನ್ನ ಯಾರು ಹೇಳ್ಕೋತಾರೆ? ನಾನು ಹೇಳೋದು ಇಷ್ಟೇ. ಸಾಲ ಇರೋನು, ಓದು ಬಾರದೋನು, ಒಡೆಯನ ಎದುರು ಕೂತು ಬರೆದುಕೊಟ್ಟದ್ದನ್ನ ಕಣ್ಣು ಮುಚ್ಚಿ ನಂಬಬಾರದು ಅಂತ ಈ ರಾಜ್ಯದ ಕಾನೂನಿಗೇ ಅರವತ್ತು ವರ್ಷದ ಹಿಂದೆ ಗೊತ್ತಿತ್ತು. ಗದ್ದೆ ಬಿಡೋನನ್ನ ಕರೆದು ಕೇಳಿತು. ಮಿಷನ್ ಬಿಡೋಳನ್ನ ಯಾಕೆ ಕೇಳಬಾರದು? ಭತ್ಯೆ ಎಲ್ಲರಿಗೂ ಕೊಡಿ ಅಂತ ನಾನು ಹೇಳಲ್ಲ. ಕೇಳಿ, ಆಮೇಲೆ ಇಲ್ಲ ಅನ್ನಿ.

— ನಮ್ಮ ಲೈನಿನ ಹಳೇ ಅಕ್ಕಂದಿರಿಗೆ ಈ ಭತ್ಯೆ ಇದೆ ಅನ್ನೋದೇ ಗೊತ್ತಿಲ್ಲ ಚಿಕ್ಕಪ್ಪ. ಅವರಿಗೆ ಗೊತ್ತಿರೋದು ಪಿಎಫ್ ಒಂದೇ. ಬಿಡು, ಎರಡು ತಿಂಗಳು ಕಾಯಿ, ಪಿಎಫ್ ತೆಗಿ, ಬೇರೆ ಕಡೆ ಸೇರು. ಮಗಳ ಫೀಜು ಬಂದ್ರೂ ಅದೇ, ಬಾಣಂತನಕ್ಕೂ ಅದೇ.

— ಅದಕ್ಕೇ ಅಲ್ವಾ 2016ರಲ್ಲಿ ಬೆಂಗಳೂರು ಹೊತ್ತಿಕೊಂಡದ್ದು! ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರದವರು ಮಾಲೀಕರು ಕಟ್ಟಿದ ಭಾಗವನ್ನ 58 ವರ್ಷ ಆಗೋತನಕ ತೆಗೆಯೋ ಹಾಗಿಲ್ಲ ಅಂತ ನಿಯಮ ತಂದರು. ದೆಹಲಿಯವರ ಲೆಕ್ಕದಲ್ಲಿ ಅದು ಮುದಿವಯಸ್ಸಿನ ದುಡ್ಡು. ಏಪ್ರಿಲ್‌ನಲ್ಲಿ ಗಾರ್ಮೆಂಟ್ ಹೆಂಗಸರು ಸಾವಿರ ಸಾವಿರ ಲೆಕ್ಕದಲ್ಲಿ ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕರೂ ಕರೆದಿರಲಿಲ್ಲ. ಎರಡೇ ದಿನ. ಏಪ್ರಿಲ್ 19ಕ್ಕೆ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಂಡಿತು.

— ನಮ್ಮ ಬ್ಯಾಚಿನ ಒಬ್ಬರು ಅಕ್ಕ ಅದರಲ್ಲಿದ್ರು. ಲಾಠಿ ಏಟಿನ ಗುರುತು ತೋರಿಸ್ತಿದ್ರು.

— ನನ್ನ ಲೆಕ್ಕದಲ್ಲಿ ಅದು ನಿರುದ್ಯೋಗ ಭತ್ಯೆಯ ಹೋರಾಟವೇ. ಹೆಸರು ಪಿಎಫ್ ಅಂತ ಇತ್ತು ಅಷ್ಟೆ. ಬಿಟ್ಟವರಿಗೆ ಸರ್ಕಾರ ಏನೂ ಕೊಡಲ್ಲ ಅಂದ ಮೇಲೆ ಬಿಟ್ಟವರು ತಮ್ಮ ಮುಪ್ಪಿನ ದುಡ್ಡನ್ನೇ ಈಗ ತಿಂತಾರೆ. ತಿನ್ನಬೇಡಿ ಅಂತ ಭಾಷಣ ಮಾಡೋದು ಸುಲಭ. 2025ರ ಅಕ್ಟೋಬರ್‌ನಲ್ಲೂ ಪಿಎಫ್ ಮಂಡಳಿ ಕೂತು, ಕೆಲಸ ಹೋದ ಕೂಡಲೇ ಮುಕ್ಕಾಲು ಭಾಗ ತೆಗೀಬಹುದು, ಪೂರ್ತಿ ತೆಗೆಯೋಕೆ 12 ತಿಂಗಳು ಕಾಯಬೇಕು ಅಂತ ತೀರ್ಮಾನ ಮಾಡಿತು. ಹಳೇ ಎರಡು ತಿಂಗಳ ನಿಯಮದಲ್ಲಿ ಒಂದು ವಿನಾಯಿತಿ ಇತ್ತು, ಗೊತ್ತಾ? ಮದುವೆಗೋಸ್ಕರ ಕೆಲಸ ಬಿಡೋ ಹೆಂಗಸು ಎರಡು ತಿಂಗಳು ಕಾಯಬೇಕಾಗಿರಲಿಲ್ಲ.

— ಅಯ್ಯೋ, ಅದೊಂದೇ ಕಾರಣ ಸರ್ಕಾರಕ್ಕೆ ಅರ್ಥ ಆದದ್ದು!

— ನಿಮ್ಮಮ್ಮ ಕೇಳಿದರೆ ಖುಷಿ ಪಡ್ತಾಳೆ. ಹೇಳಬೇಡ.

— ಈಗ ಎಂತ ಮಾಡೋದು ಹೇಳಿ. ಸೈನ್ ಆಗಿ ತಿಂಗಳಾಯ್ತು.

— ಪಿಎಫ್ ಮುಟ್ಟಬೇಡ, ಅದು ಮೊದಲನೇದು. ಹತ್ತು ವರ್ಷ ತುಂಬಿದರೆ ಪಿಂಚಣಿ ಇದೆ, ಆರು ಆಗಿದೆ. ಶಿವಮೊಗ್ಗದಲ್ಲೋ ಇಲ್ಲೋ ಇನ್ನೊಂದು ಕಡೆ ಸೇರಿದರೆ ಅದೇ ನಂಬರಿಗೆ ಸೇರಿಸ್ಕೊ. ಎರಡನೇದು, ನಲವತ್ತು ಜನ ಅಂದ್ಯಲ್ಲ, ಆ ಕಾಗದದ ಫೋಟೋ ಎಷ್ಟು ಜನ ಇಟ್ಕೊಂಡಿದ್ದಾರೆ?

— ನಾನು ಇಟ್ಕೊಂಡಿಲ್ಲ. ತೀರ್ಥಹಳ್ಳಿಯವಳು ಒಬ್ಬಳು ಸೈನ್ ಮಾಡೋ ಮೊದಲು ಫೋಟೋ ತೆಗೆದಿದ್ಲು, ಗಂಡನಿಗೆ ಕಳಿಸೋಕೆ. ಉಳಿದವರನ್ನ ಗ್ರೂಪಲ್ಲಿ ಕೇಳಬೇಕು.

— ಕೇಳು. ಒಂದು ಕಾಗದ ಇದ್ದರೆ ಅದು ರಾಜೀನಾಮೆ. ಒಂದೇ ದಿನ, ಒಂದೇ ಸಾಲು, ಒಂದೇ ಟೈಪು, ಚುಕ್ಕಿ ಗೆರೆ ಮಾತ್ರ ಬೇರೆ ಬೇರೆ ಇರೋ ನಲವತ್ತು ಕಾಗದ ಇದ್ದರೆ ಅದು ಯೂನಿಟ್ ಮುಚ್ಚಿದ್ದಕ್ಕೆ ಸಾಕ್ಷಿ. ನಲವತ್ತು ಜನರಿಗೂ ಒಂದೇ ದಿನ ವೈಯಕ್ತಿಕ ಕಾರಣ ಹುಟ್ಟಿತು ಅಂತ ಯಾವ ಅಧಿಕಾರಿಗೂ ಮುಖ ಕೊಟ್ಟು ಹೇಳೋಕಾಗಲ್ಲ. ಕಾರ್ಮಿಕ ಇಲಾಖೆಗೆ ಒಟ್ಟಾಗಿ ಅರ್ಜಿ ಕೊಡಿ, ಒಬ್ಬೊಬ್ಬರೇ ಹೋಗಬೇಡಿ. ಅದರ ಪ್ರತಿ ಇಟ್ಟು ಇಎಸ್‌ಐ ಶಾಖೆಗೂ ಕೊಡಿ. ಗೆಲ್ತೀರಿ ಅಂತ ನಾನು ಭರವಸೆ ಕೊಡಲ್ಲ. ನಿನ್ನ ನೇಮಕದ ಪತ್ರದಲ್ಲಿ ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು ಅಂತ ಇರುತ್ತೆ. ಹೊಸೂರಿಗೆ ಕರೆದಿದ್ದೆವು, ಇವರೇ ಬರಲಿಲ್ಲ ಅಂತ ಅವರ ವಕೀಲ ಅದನ್ನೇ ಹಿಡ್ಕೋತಾನೆ.

— ಅಲ್ಲೇ ನಾನೂ ಸಿಕ್ಕಿಹಾಕ್ಕೊಳ್ಳೋದು ಚಿಕ್ಕಪ್ಪ. ಹೊಸೂರಿಗೆ ಬಸ್ಸು, ರೂಮು ಎಲ್ಲ ಕೊಟ್ಟಿದ್ರೂ ನಾನು ಹೋಗ್ತಿದ್ದೆನಾ? ಅಮ್ಮನ ಮಂಡಿ ನೋವು ಜಾಸ್ತಿ ಆಗಿದೆ. ನಂಗೂ ಆ ಸೂಪರ್‌ವೈಸರ್ ಬಾಯಿ ಸಾಕಾಗಿತ್ತು. ಸೈನ್ ಮಾಡುವಾಗ ಬೇಜಾರಿಗಿಂತ ಹಗುರ ಅನ್ನಿಸ್ತು, ನಿಜ ಹೇಳ್ತೀನಿ. ಈಗ ಒತ್ತಾಯ ಮಾಡಿದ್ರು ಅಂತ ಬರೆದರೆ ಅದು ಸುಳ್ಳಲ್ವಾ?

— ಒತ್ತಾಯ ಮಾಡಿದ್ರು ಅಂತ ಬರೀಬೇಡ. ನೀನು ಹಗುರ ಆದದ್ದು ನಿನ್ನ ವಿಷಯ. ಯೂನಿಟ್ ಮುಚ್ಚಿದ್ದು ಅದಕ್ಕಿಂತ ಮುಂಚೆಯೋ ಆಮೇಲೆಯೋ?

— ಮುಂಚೆ. ನೋಟಿಸ್ ಬೋರ್ಡಲ್ಲಿ ಹಾಕಿದ್ರು. ಕಟಿಂಗ್ ಸೆಕ್ಷನ್ ಮಿಷನ್ನುಗಳನ್ನ ಲಾರಿಗೆ ಏರಿಸಿಯೂ ಆಗಿತ್ತು.

— ಹಂಗಾರೆ ಅದನ್ನ ಬರಿ. ನೋಟಿಸ್ ಹಾಕಿದ ತಾರೀಖು, ಲಾರಿ ಬಂದ ತಾರೀಖು, ಸೈನ್ ಮಾಡಿಸಿದ ತಾರೀಖು. ಅಮ್ಮನ ಮಂಡಿ ನೋವನ್ನೂ ಬೇಕಾದರೆ ಬರಿ, ಬಿಡಬೇಡ. ಲಾರಿ ಬಂದದ್ದು ಯಾವತ್ತು ಅಂತ ಆ ತೀರ್ಥಹಳ್ಳಿಯವಳಿಗೆ ಈಗಲೇ ಫೋನ್ ಮಾಡಿ ಕೇಳು, ಫೋಟೋ ತೆಗೆಯೋಳು ಅದನ್ನೂ ತೆಗೆದಿರ್ತಾಳೆ.